ಮದುವೆಯ ಕರೆಯೋಲೆಗೆ ಅನಿಮೇಷನ್: ಏನು ಕದಲಬೇಕು, ಏನು ಕದಲಬಾರದು?

ಡಿಟಿಪಿ ಅಂಗಡಿ, ಹಾಸನ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ನಮ್ಮದು ಆಹ್ವಾನ ಪತ್ರಿಕೆ, ವಿಸಿಟಿಂಗ್ ಕಾರ್ಡ್, ಬಿಲ್‌ಬುಕ್ ಮಾಡಿಕೊಡುವ ಸಣ್ಣ ಅಂಗಡಿ. ಮೊದಲೆಲ್ಲ ಮದುವೆಯವರು ಊರಿಗೆಲ್ಲ ಸಾಲುವಷ್ಟು ಕಾರ್ಡ್ ಹಾಕಿಸುತ್ತಿದ್ದರು. ಈಗ ಹತ್ತಿರದವರಿಗೆ ಮಾತ್ರ ಕಾರ್ಡ್ ಹಾಕಿಸಿ, ಉಳಿದವರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಲು ಅಕ್ಷರಗಳು ಬಂದು ಕೂರುವಂತಹ ಒಂದು ವಿಡಿಯೋ ಮಾಡಿಕೊಡಿ ಎಂದು ಕೇಳುತ್ತಾರೆ. ಕಾರ್ಡು ವಿನ್ಯಾಸ ಮಾಡುವ ಕೋರೆಲ್‌ಡ್ರಾ ತಂತ್ರಾಂಶದಲ್ಲಿ ಕೈ ಪಳಗಿದೆಯೇ ಹೊರತು ಅನಿಮೇಷನ್ ನನಗೆ ಹೊಸದು. ಆನ್‌ಲೈನ್ ಡಿಸೈನ್ ಟೂಲ್ ಒಂದರಲ್ಲಿ ಸಿದ್ಧ ಮಾದರಿಗಳನ್ನು ಇಟ್ಟುಕೊಂಡು ಈ ಕೆಲಸ ಶುರುಮಾಡಿದ್ದೇನೆ.

ಮೂರು ವಿಷಯಗಳಲ್ಲಿ ಸಲಹೆ ಬೇಕಾಗಿದೆ. ಮೊದಲನೆಯದು, ಅಕ್ಷರಗಳು ಒಂದೊಂದಾಗಿ ಮೂಡುವ ಅನಿಮೇಷನ್ ಹಾಕಿದರೆ ಕನ್ನಡದ ಒತ್ತಕ್ಷರಗಳು ಬಿಡಿಬಿಡಿಯಾಗುತ್ತವೆ. "ಮುಹೂರ್ತ" ಎಂಬುದು ಒಂದು ಕ್ಷಣ "ಮುಹೂರ್" ಎಂದು ನಿಂತು, ಆಮೇಲೆ "ತ" ಬಂದು ಸೇರಿಕೊಳ್ಳುತ್ತದೆ. ಎರಡನೆಯದು, ಹಿರಿಯರು ಛತ್ರದ ಹೆಸರು ಓದಿ ಮುಗಿಸುವುದರೊಳಗೆ ಪುಟ ಮುಂದಕ್ಕೆ ಹೋಗಿಬಿಟ್ಟಿರುತ್ತದೆ. ಮೂರನೆಯದು, ಜಿಐಎಫ್ (ಕದಲುವ ಚಿತ್ರದ ಫೈಲ್) ಮಾಡಿ ಕಳುಹಿಸಿದಾಗ ಚಿನ್ನದ ಬಣ್ಣದ ಅಂಚು ಪಟ್ಟೆಪಟ್ಟೆಯಾಗಿ ಕಾಣುತ್ತದೆ. ಅನುಭವ ಇರುವವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಫೋಟೋಗ್ರಾಫರ್, ಕಡೂರು

ಸರ್, ನೀವು ಯಾವ ಟೂಲ್ ಬಳಸುತ್ತಿದ್ದೀರಿ ಎಂದು ಹೇಳಿಲ್ಲ. ನನಗೆ ಪರಿಚಯವಿರುವುದು ಕ್ಯಾನ್ವಾ. 2013ರಲ್ಲಿ ಆಸ್ಟ್ರೇಲಿಯಾದಲ್ಲಿ ಶುರುವಾದ ಈ ಟೂಲ್ ನಮ್ಮ ಕಡೆಯ ಸ್ಟುಡಿಯೋಗಳಲ್ಲೂ ಬಳಕೆಗೆ ಬಂದಿದೆ. ಅದರ ಕ್ರಮ ಹೇಳುತ್ತೇನೆ, ಬೇರೆಯವುಗಳಲ್ಲೂ ಹೆಚ್ಚು ಕಡಿಮೆ ಇದೇ ಇರುತ್ತದೆ.

ಪುಟದ ಮೇಲಿನ ಯಾವುದಾದರೂ ಚಿತ್ರವನ್ನೋ ಅಕ್ಷರದ ಚೌಕಟ್ಟನ್ನೋ ಕ್ಲಿಕ್ ಮಾಡಿದರೆ ಮೇಲಿನ ಪಟ್ಟಿಯಲ್ಲಿ ಆ್ಯನಿಮೇಟ್ ಎಂಬ ಗುಂಡಿ ಕಾಣುತ್ತದೆ. ಅದನ್ನು ಒತ್ತಿದಾಗ ಎಡಗಡೆ ಬರುವ ಪಟ್ಟಿಯಲ್ಲಿ ಇಡೀ ಪುಟಕ್ಕೆ ಅನ್ವಯಿಸುವ ಅನಿಮೇಷನ್ ಬೇರೆ, ನೀವು ಆರಿಸಿಕೊಂಡ ಒಂದೇ ವಸ್ತುವಿಗೆ ಅನ್ವಯಿಸುವುದು ಬೇರೆ ಎಂಬುದನ್ನು ಮೊದಲು ಗಮನಿಸಬೇಕು. ಪುಟದ ಅನಿಮೇಷನ್ ಆರಿಸಿದರೆ ಗಣಪತಿಯ ಚಿತ್ರ, ವಧೂವರರ ಹೆಸರು, ಹೂವಿನ ಬಳ್ಳಿ ಎಲ್ಲವೂ ಒಂದೇ ಏಟಿಗೆ ಕದಲತೊಡಗುತ್ತವೆ. ಕೆಲಸ ಬೇಗ ಮುಗಿಯುತ್ತದೆ ಎಂಬುದನ್ನು ಬಿಟ್ಟರೆ ಆಹ್ವಾನ ಪತ್ರಿಕೆಗೆ ಅದು ಒಗ್ಗುವುದಿಲ್ಲ. ವಸ್ತು ವಸ್ತುವಿಗೂ ಬೇರೆ ಬೇರೆಯಾಗಿ ಹಾಕುವುದೇ ಸರಿಯಾದ ದಾರಿ.

ಹಾಗೆ ಹಾಕುವಾಗ, ವಸ್ತು ಒಳಗೆ ಬರುವಾಗ ಮಾತ್ರ ಕದಲಬೇಕೇ, ಹೊರಗೆ ಹೋಗುವಾಗಲೇ, ಅಥವಾ ಎರಡೂ ಸಲವೇ ಎಂದು ಆರಿಸಬಹುದು. ಒಳಗೆ ಬರುವಾಗ ಮಾತ್ರ ಇಡುವುದು ಒಳ್ಳೆಯದು. ಏಕೆಂದರೆ ಹೊರಹೋಗುವ ಅನಿಮೇಷನ್ ಓದುಗರಿಗೆ ಸಿಗಬೇಕಾದ ಕಾಲವನ್ನೇ ತಿನ್ನುತ್ತದೆ. ನಿಮ್ಮ ಎರಡನೆಯ ಪ್ರಶ್ನೆಗೆ ಅರ್ಧ ಉತ್ತರ ಇದರಲ್ಲೇ ಇದೆ. ಉಳಿದರ್ಧವೇನೆಂದರೆ, ಕದಲದ ಪುಟಕ್ಕೆ ಅಲ್ಲಿ ಮೊದಲೇ 5 ಸೆಕೆಂಡಿನ ಅವಧಿ ಹಾಕಿರುತ್ತಾರೆ. ಮುಹೂರ್ತ, ದಿನಾಂಕ, ಛತ್ರ ಮೂರೂ ಇರುವ ಪುಟಕ್ಕೆ ಆ 5 ಸೆಕೆಂಡು ಏನೇನೂ ಸಾಲದು. ಗಡಿಯಾರದ ಚಿಹ್ನೆಯನ್ನು ಒತ್ತಿ ಅವಧಿಯನ್ನು ಹೆಚ್ಚಿಸಿಕೊಳ್ಳಿ. ನಾನು ಅನುಸರಿಸುವ ಲೆಕ್ಕ ಸರಳವಾದದ್ದು: ಪುಟದಲ್ಲಿರುವುದನ್ನು ಗಟ್ಟಿಯಾಗಿ, ಅವಸರವಿಲ್ಲದೆ ಎರಡು ಸಲ ಓದಬೇಕು, ಅಷ್ಟು ಹೊತ್ತು ಪುಟ ನಿಲ್ಲಬೇಕು.

ಕಿರೀಟದ ಗುರುತಿರುವ ಅನಿಮೇಷನ್‌ಗಳಿಗೆ ಹಣ ಕೊಟ್ಟು ಪಡೆಯುವ ಖಾತೆ ಬೇಕಾಗುತ್ತದೆ. ಫೇಡ್ (ಮೆಲ್ಲನೆ ಮೂಡುವುದು), ಪ್ಯಾನ್ (ಪಕ್ಕದಿಂದ ಸರಿದು ಬರುವುದು), ರೈಸ್ (ಕೆಳಗಿನಿಂದ ಮೇಲೇರುವುದು), ವೈಪ್ (ಒಂದು ಬದಿಯಿಂದ ತೆರೆದುಕೊಳ್ಳುವುದು) ಇಷ್ಟರಿಂದಲೇ ಮದುವೆ, ಗೃಹಪ್ರವೇಶ, ನಾಮಕರಣ ಎಲ್ಲವೂ ಸಾಗುತ್ತವೆ.

ತಂತ್ರಾಂಶ ಉದ್ಯೋಗಿ, ಬೆಂಗಳೂರು (ಊರು ಅರಸೀಕೆರೆ)

ಒತ್ತಕ್ಷರದ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಏಕೆಂದರೆ ಇದು ಒಂದು ಟೂಲಿನ ಗುಣದೋಷದ ಮಾತಲ್ಲ. ಅಕ್ಷರಗಳನ್ನು ಬಿಡಿಸಿ ಕದಲಿಸುವ ಯಾವ ತಂತ್ರಾಂಶದಲ್ಲಾದರೂ ಇದು ಎದುರಾಗಬಹುದು.

ನಾವು ಒಂದು ಅಕ್ಷರ ಎಂದುಕೊಳ್ಳುವುದು ಕಂಪ್ಯೂಟರಿಗೆ ಒಂದಲ್ಲ. "ಸ್ತ್ರೀ" ನಮಗೆ ಒಂದೇ ಅಕ್ಷರ. ಪ್ರಪಂಚದ ಲಿಪಿಗಳ ಅಕ್ಷರಗಳಿಗೆಲ್ಲ ಕಂಪ್ಯೂಟರ್ ಸಂಕೇತ ಕೊಡುವ ಪದ್ಧತಿಯಾದ ಯೂನಿಕೋಡ್‌ನಲ್ಲಿ ಅದು ಸ, ಹಲಂತ, ತ, ಹಲಂತ, ರ, ದೀರ್ಘ ಈಕಾರದ ಗುಣಿತ ಚಿಹ್ನೆ ಹೀಗೆ 6 ಸಂಕೇತಗಳ ಸಾಲು. "ಲಕ್ಷ್ಮೀ" ಎಂಬ ಹೆಸರಿನಲ್ಲಿ ನಮಗೆ ಕಾಣುವುದು 2 ಅಕ್ಷರ, ಒಳಗಿರುವುದು 7 ಸಂಕೇತ. ಈ ಸಾಲು ಒಟ್ಟಿಗೆ ಇದ್ದಾಗ ಮಾತ್ರ ಫಾಂಟಿನ ನಿಯಮಗಳು ಕೆಲಸ ಮಾಡಿ ಒತ್ತು ತನ್ನ ಜಾಗದಲ್ಲಿ ಕೂರುತ್ತದೆ. ಅನಿಮೇಷನ್ನಿಗಾಗಿ ಸಾಲನ್ನು ತುಂಡು ಮಾಡಿದ ತಕ್ಷಣ ಆ ನಿಯಮಗಳಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಅರ್ಕಾವತ್ತಿನಲ್ಲಿ ತೊಂದರೆ ಇನ್ನೂ ಹೆಚ್ಚು: "ಮುಹೂರ್ತ"ದಲ್ಲಿ ನಾವು ಟೈಪ್ ಮಾಡುವ ಕ್ರಮದಲ್ಲಿ "ರ" ಮೊದಲು, "ತ" ಆಮೇಲೆ; ಪುಟದ ಮೇಲೆ ಕಾಣುವ ಕ್ರಮದಲ್ಲಿ "ತ" ಮೊದಲು, ಅರ್ಕಾವತ್ತು ಅದರ ಬಲಕ್ಕೆ. ಎಡದಿಂದ ಬಲಕ್ಕೆ ಒಂದೊಂದೇ ತುಂಡನ್ನು ತೋರಿಸುತ್ತ ಹೋದರೆ ಕೊನೆಯ ಗಳಿಗೆಯಲ್ಲಿ ಪದದ ಆಕಾರವೇ ಬದಲಾಗುವುದು ಇದರಿಂದಲೇ.

ಎಲ್ಲಿ ತುಂಡು ಮಾಡಬಹುದು, ಎಲ್ಲಿ ಮಾಡಬಾರದು ಎಂಬುದಕ್ಕೆ ಯೂನಿಕೋಡ್‌ನಲ್ಲಿ ನಿಯಮಗಳಿವೆ. 2023ರಲ್ಲಿ ಬಂದ 15.1ನೆಯ ಆವೃತ್ತಿಯಲ್ಲಿ ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳ ಸಂಯುಕ್ತಾಕ್ಷರಗಳನ್ನು ಒಂದೇ ಘಟಕವಾಗಿ ಹಿಡಿಯುವ ನಿಯಮ ಸೇರಿತು. ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ. ಆ ನಿಯಮವನ್ನು ಅಚ್ಚುಕಟ್ಟಾಗಿ ಪಾಲಿಸುವ ತಂತ್ರಾಂಶವೂ "ಮುಹೂರ್ತ"ವನ್ನು ಮು, ಹೂ, ರ್, ತ ಎಂದೇ ಬಿಡಿಸುತ್ತದೆ. ನಮ್ಮ ಲಿಪಿಯ ಮಟ್ಟಿಗೆ ಇದು ಸಣ್ಣ ಕೊರತೆಯೇನಲ್ಲ.

ಸದ್ಯಕ್ಕೆ ಮಾಡಬಹುದಾದದ್ದು ಇಷ್ಟು. ಅಕ್ಷರ ಅಕ್ಷರವಾಗಿ ಮೂಡುವ ಟೈಪ್‌ರೈಟರ್ ಮಾದರಿಯನ್ನು ಕನ್ನಡಕ್ಕೆ ಬಳಸಬೇಡಿ. ಪದ ಪದವಾಗಿ ಅಥವಾ ಸಾಲು ಸಾಲಾಗಿ ಮೂಡುವ ಆಯ್ಕೆ ಇದ್ದರೆ ಅದನ್ನೇ ಇಡಿ. ಪದದ ಒಳಗೆ ಕತ್ತರಿ ಬೀಳದಿದ್ದರೆ ಒತ್ತಕ್ಷರಕ್ಕೆ ಅಪಾಯವಿಲ್ಲ. ಆ ಆಯ್ಕೆ ಇಲ್ಲದಿದ್ದರೆ ಪ್ರತಿ ಸಾಲನ್ನೂ ಬೇರೆ ಬೇರೆ ಚೌಕಟ್ಟಿನಲ್ಲಿ ಟೈಪ್ ಮಾಡಿ, ಒಂದಾದ ಮೇಲೊಂದು ಬರುವಂತೆ ಸಮಯ ಹೊಂದಿಸಿ. ಅಕ್ಷರಗಳ ನಡುವಿನ ಅಂತರವನ್ನು ಹಿಗ್ಗಿಸುವ ಆಯ್ಕೆಯನ್ನಂತೂ ಕನ್ನಡದಲ್ಲಿ ಮುಟ್ಟದಿರುವುದೇ ಕ್ಷೇಮ.

ಡಿಟಿಪಿ ಅಂಗಡಿ, ಹಾಸನ

ಇಬ್ಬರಿಗೂ ಧನ್ಯವಾದಗಳು. ಇದಕ್ಕೆ ಸೇರಿದಂತೆ ಇನ್ನೊಂದು ತೊಡಕಿದೆ. ನಮ್ಮ ಹಳೆಯ ಆಹ್ವಾನ ಪತ್ರಿಕೆಗಳೆಲ್ಲ ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟುಗಳಲ್ಲಿವೆ. ಅಲ್ಲಿಂದ ಕಾಪಿ ಮಾಡಿ ಆನ್‌ಲೈನ್ ಟೂಲಿನಲ್ಲಿ ಹಾಕಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಬರುತ್ತದೆ. ಮತ್ತೆ ಎಲ್ಲವನ್ನೂ ಟೈಪ್ ಮಾಡಬೇಕೇ?

ತಂತ್ರಾಂಶ ಉದ್ಯೋಗಿ, ಬೆಂಗಳೂರು (ಊರು ಅರಸೀಕೆರೆ)

ಬೇಕಿಲ್ಲ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಒಳಗಿರುವುದು ಇಂಗ್ಲಿಷ್ ಸಂಕೇತಗಳೇ. ಕನ್ನಡದ ರೂಪವನ್ನು ಫಾಂಟು ಹೊದಿಸಿರುತ್ತದೆ; ಈ ಹಳೆಯ ಪದ್ಧತಿಯನ್ನು ಆಸ್ಕಿ ಎನ್ನುತ್ತಾರೆ. ಆಸ್ಕಿಯಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಪರಿವರ್ತಿಸಿದ ಮೇಲೆ ಅರ್ಕಾವತ್ತು, ರ-ಒತ್ತು ಇರುವ ಪದಗಳನ್ನೂ ಎಲ್ಲ ಹೆಸರುಗಳನ್ನೂ ಒಮ್ಮೆ ಕಣ್ಣಾಡಿಸಿ ನೋಡಿ.

ಫ್ಲೆಕ್ಸ್ ಮತ್ತು ಪ್ರಿಂಟಿಂಗ್, ಚಿಕ್ಕಮಗಳೂರು

ನಮ್ಮ ಕಸುಬಿನವರಿಗೆ ಇದಕ್ಕಿಂತ ಸುಲಭದ ದಾರಿ ಇದೆ. ಪ್ರೆಸ್ಸಿಗೆ ಫೈಲ್ ಕಳುಹಿಸುವಾಗ ಅಕ್ಷರಗಳನ್ನು ಕರ್ವ್ಸ್ ಮಾಡುವುದು, ಅಂದರೆ ಫಾಂಟ್ ಬೇಡದ ಗೆರೆಯ ಚಿತ್ರವಾಗಿ ಬದಲಿಸುವುದು, ನಿಮಗೆ ದಿನನಿತ್ಯದ ಕೆಲಸ. ಇಲ್ಲಿಯೂ ಅದನ್ನೇ ಮಾಡಿ. ಕೋರೆಲ್‌ಡ್ರಾದಲ್ಲಿ ಹೆಸರು, ಶೀರ್ಷಿಕೆ, ದೇವರ ಸ್ತುತಿಯ ಸಾಲು ಇಷ್ಟನ್ನು ನಿಮಗೆ ಇಷ್ಟವಾದ ಫಾಂಟಿನಲ್ಲೇ ಕೂರಿಸಿ, ಕರ್ವ್ಸ್ ಮಾಡಿ, ಹಿನ್ನೆಲೆ ಪಾರದರ್ಶಕವಾಗಿರುವ ಪಿಎನ್‌ಜಿ ಆಗಿ ಹೊರತೆಗೆಯಿರಿ. ಕೋರೆಲ್ ಇಲ್ಲದವರು ಉಚಿತವಾದ ಇಂಕ್‌ಸ್ಕೇಪ್‌ನಲ್ಲಿ ಇದೇ ಕೆಲಸವನ್ನು ಮಾಡಬಹುದು. ಆ ಪಿಎನ್‌ಜಿಯನ್ನು ಆನ್‌ಲೈನ್ ಟೂಲಿಗೆ ಏರಿಸಿದರೆ ಅಲ್ಲಿ ಅದು ಅಕ್ಷರವಲ್ಲ, ಚಿತ್ರ; ಒತ್ತಕ್ಷರ ಒಡೆಯುವ ಮಾತೇ ಬರುವುದಿಲ್ಲ, ಹಳೆಯ ನುಡಿ ಫಾಂಟೂ ನಡೆಯುತ್ತದೆ, ಫಾಂಟ್ ಏರಿಸಲು ಹಣ ಕೊಡುವ ಖಾತೆಯೂ ಬೇಕಾಗುವುದಿಲ್ಲ. ಅದಕ್ಕೆ ವೈಪ್ ಹಾಕಿ, ದಿಕ್ಕನ್ನು ಎಡದಿಂದ ಬಲಕ್ಕೆ ಇಟ್ಟು, ವೇಗವನ್ನು ತಗ್ಗಿಸಿದರೆ ಅಕ್ಷರಗಳು ಬರೆಯುತ್ತ ಹೋದಂತೆ ತೆರೆದುಕೊಳ್ಳುತ್ತವೆ. ಟೈಪ್‌ರೈಟರ್ ಅನಿಮೇಷನ್ನಿಂದ ನೀವು ಬಯಸಿದ್ದೂ ಇದನ್ನೇ ತಾನೆ?

ಇದರಲ್ಲಿ ಒಂದೇ ಕಷ್ಟ. ಹೆಸರಿನಲ್ಲಿ ದೀರ್ಘ ತಪ್ಪಿದೆ ಎಂದು ಹುಡುಗಿಯ ಸೋದರಮಾವ ಫೋನ್ ಮಾಡಿದರೆ ಕೋರೆಲ್‌ಗೆ ಹಿಂದಿರುಗಿ ಮತ್ತೆ ಹೊರತೆಗೆಯಬೇಕು. ಆದ್ದರಿಂದ ಮುದ್ರಣಕ್ಕೆ ಹೋಗುವ ಕಾರ್ಡಿನ ಪ್ರೂಫ್ ಓಕೆ ಆಗಿ ಸಹಿ ಬೀಳುವವರೆಗೂ ಅನಿಮೇಷನ್ ಕೆಲಸವನ್ನು ಮುಟ್ಟಬೇಡಿ. ಮುಹೂರ್ತ, ದಿನಾಂಕ, ಫೋನ್ ನಂಬರ್‌ಗಳಂತಹ ಬದಲಾಗುವ ಸಾಲುಗಳನ್ನು ಟೂಲಿನಲ್ಲೇ ಯೂನಿಕೋಡ್ ಅಕ್ಷರವಾಗಿ ಇಟ್ಟುಕೊಂಡರೆ ತಿದ್ದಲು ಸುಲಭ.

ಚಿತ್ರಕಲಾ ಶಿಕ್ಷಕಿ, ಬೇಲೂರು

ಹೇಗೆ ಹಾಕಬೇಕು ಎಂಬ ಬಗ್ಗೆ ಬೇಕಾದಷ್ಟು ಬಂದಿದೆ. ಎಲ್ಲಿ ಹಾಕಬೇಕು ಎಂಬುದನ್ನೂ ಸ್ವಲ್ಪ ಯೋಚಿಸೋಣ. ನನಗೆ ಬರುವ ವಿಡಿಯೋ ಆಹ್ವಾನಗಳಲ್ಲಿ ಮೂಲೆಯಲ್ಲಿ ಹೂವು ಉದುರುತ್ತಿರುತ್ತದೆ, ದೀಪ ಉರಿಯುತ್ತಿರುತ್ತದೆ, ಅಂಚು ಮಿನುಗುತ್ತಿರುತ್ತದೆ, ಹೆಸರುಗಳು ಕುಣಿಯುತ್ತಿರುತ್ತವೆ, ನಡುವೆ ಎಲ್ಲೋ ಮುಹೂರ್ತ. ಗಣಪತಿ ಪೆಂಡಾಲಿಗೆ ಕಟ್ಟುವ ಸೀರಿಯಲ್ ಸೆಟ್ಟಿನಂತೆ ಎಲ್ಲವೂ ಮಿನುಗಿದರೆ ಕಣ್ಣು ಎಲ್ಲಿಯೂ ನಿಲ್ಲುವುದಿಲ್ಲ. ಕದಲುವ ವಸ್ತುವಿನ ಕಡೆಗೆ ಕಣ್ಣು ತಾನಾಗಿ ತಿರುಗುತ್ತದೆ, ಅದನ್ನು ತಡೆಯಲು ಓದುವವರಿಂದ ಆಗುವುದಿಲ್ಲ. ಹಾಗಿರುವಾಗ ಓದಬೇಕಾದ ಸಾಲಿನ ಪಕ್ಕದಲ್ಲಿ ಬೇರೊಂದನ್ನು ನಿರಂತರ ಕದಲಿಸುವುದೆಂದರೆ ಓದಬೇಡಿ ಎಂದು ಹೇಳಿದಂತೆಯೇ.

ನಮ್ಮ ಆಹ್ವಾನ ಪತ್ರಿಕೆಗೆ ಒಂದು ಕ್ರಮ ಮೊದಲಿನಿಂದಲೂ ಇದೆ. ಮೇಲೆ ಕುಲದೇವರ "ಪ್ರಸನ್ನ", ಆಮೇಲೆ ಚಿ॥ ರಾ॥ ಮತ್ತು ಚಿ॥ ಸೌ॥ ಹೆಸರುಗಳು, ಧಾರಾ ಮುಹೂರ್ತ, ಆರತಕ್ಷತೆ, ಸ್ಥಳ, ಕೊನೆಗೆ ಸುಖಾಗಮನ ಬಯಸುವವರು. ಅನಿಮೇಷನ್ ಈ ಕ್ರಮವನ್ನೇ ಹಿಡಿದು ಬರಲಿ: ದೇವರ ಚಿತ್ರ ನಿಧಾನವಾಗಿ ಫೇಡ್ ಆಗಿ ಬರಲಿ, ಹೆಸರುಗಳಿಗೆ ವೈಪ್ ಇರಲಿ, ಮುಹೂರ್ತ ಬಂದು ನಿಂತ ಮೇಲೆ ಆ ಪುಟದಲ್ಲಿ ಯಾವುದೂ ಅಲುಗಾಡದಿರಲಿ. ಒಂದು ಪುಟದಲ್ಲಿ ಒಂದು ಹೊತ್ತಿಗೆ ಒಂದೇ ವಸ್ತು ಕದಲಬೇಕು ಎಂಬುದು ನನ್ನ ಅಭಿಪ್ರಾಯ. ಇದನ್ನು ಮಕ್ಕಳಿಗೂ ಹಾಗೆಯೇ ಹೇಳಿಕೊಡುತ್ತೇನೆ.

ಮಿನುಗುವ ಬೆಳಕಿನ ವಿಷಯದಲ್ಲಂತೂ ಇದು ಅಭಿರುಚಿಯ ಪ್ರಶ್ನೆಯಷ್ಟೇ ಅಲ್ಲ. ವೆಬ್ ಪುಟಗಳು ಎಲ್ಲರಿಗೂ ಬಳಕೆಯಾಗುವಂತಿರಬೇಕೆಂದು ವೆಬ್ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 2008ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ, ಯಾವುದೂ ಒಂದು ಸೆಕೆಂಡಿನಲ್ಲಿ 3 ಸಲಕ್ಕಿಂತ ಹೆಚ್ಚು ಮಿನುಗಬಾರದು ಎಂದಿದೆ. ಬೆಳಕಿನ ಮಿನುಗಿನಿಂದ ಅಪಸ್ಮಾರ ಕೆರಳುವವರನ್ನು ಗಮನದಲ್ಲಿಟ್ಟು ಮಾಡಿದ ನಿಯಮ ಅದು. ತಾನಾಗಿಯೇ ಶುರುವಾಗಿ 5 ಸೆಕೆಂಡಿಗಿಂತ ಹೆಚ್ಚು ಹೊತ್ತು ಕದಲುವ ವಸ್ತು ಬೇರೆ ವಿಷಯದ ಜೊತೆಗಿದ್ದರೆ ಅದನ್ನು ನಿಲ್ಲಿಸುವ ಅವಕಾಶ ಇರಬೇಕೆಂದೂ ಅದೇ ಮಾರ್ಗಸೂಚಿ ಹೇಳುತ್ತದೆ. ವಾಟ್ಸ್‌ಆ್ಯಪ್ ವಿಡಿಯೋಗೆ ಅದು ಕಡ್ಡಾಯವಲ್ಲದಿರಬಹುದು, ಆದರೆ ನೋಡುವ ಕಣ್ಣು ಅದೇ ಅಲ್ಲವೇ?

ಫೋಟೋಗ್ರಾಫರ್, ಕಡೂರು

ಮೇಡಂ ಹೇಳಿದ್ದು ಸರಿ, ಆದರೆ ಕೌಂಟರಿನ ಈಚೆ ಕುಳಿತವರ ಕಷ್ಟವನ್ನೂ ನೋಡಬೇಕು. ಒಂದೇ ವಸ್ತು ಕದಲುವ ವಿಡಿಯೋ ತೋರಿಸಿದರೆ "ಇಷ್ಟೇನಾ? ಪಕ್ಕದ ಅಂಗಡಿಯವರು ಇದಕ್ಕಿಂತ ಜಾಸ್ತಿ ಹಾಕಿಕೊಡುತ್ತಾರೆ" ಎನ್ನುತ್ತಾರೆ. ಗಿರಾಕಿಗೆ ಹಣ ಕೊಟ್ಟಿದ್ದು ಕಣ್ಣಿಗೆ ಕಾಣಬೇಕು.

ನಾನು ಕಂಡುಕೊಂಡ ಮಧ್ಯಮ ದಾರಿ ಹೀಗಿದೆ. ಮೊದಲ ಪುಟದಲ್ಲಿ ಓದಬೇಕಾದದ್ದು ಹೆಚ್ಚಿರುವುದಿಲ್ಲ; ಅಲ್ಲಿ ಅವರು ಕೇಳಿದಷ್ಟು ಹೂವು ಉದುರಿಸುತ್ತೇನೆ. ಎಲಿಮೆಂಟ್ಸ್ ಎಂಬಲ್ಲಿ ಹುಡುಕಿ, ಕದಲುವಂಥವು ಮಾತ್ರ ಬರುವಂತೆ ಆರಿಸಿಕೊಂಡರೆ ದೀಪ, ದಳ ಎಲ್ಲ ಸಿದ್ಧವಾಗಿ ಸಿಗುತ್ತವೆ. ಅಕ್ಷತೆಕಾಳು ಬೀಳುವ ದಾರಿಯನ್ನು ನಾವೇ ಮೌಸಿನಿಂದ ಎಳೆದು ತೋರಿಸುವ ಕ್ರಿಯೇಟ್ ಆ್ಯನ್ ಆ್ಯನಿಮೇಷನ್ ಎಂಬ ಸೌಲಭ್ಯವೂ ಕ್ಯಾನ್ವಾದಲ್ಲಿದೆ; ಕೈ ನಡುಗಿ ಗೆರೆ ಅಂಕುಡೊಂಕಾದರೆ ಸ್ಮೂತ್ ಎಂದು ಆರಿಸಿದರೆ ಸಾಕು. ಎರಡನೆಯ ಪುಟದಿಂದ ಮಾತ್ರ ಮೇಡಂ ಹೇಳಿದ ಶಿಸ್ತು.

ಗಿರಾಕಿ ಮೆಚ್ಚುವ ಇನ್ನೊಂದು ವಿದ್ಯೆ ಇದೆ. ಮೊದಲ ಪುಟದ ನಡುವೆ ದೊಡ್ಡದಾಗಿ ಗಣಪತಿಯನ್ನು ಇಡಿ. ಆ ಪುಟವನ್ನು ಹಾಗೆಯೇ ನಕಲು ಮಾಡಿ, ನಕಲಿನಲ್ಲಿ ಅದೇ ಗಣಪತಿಯನ್ನು ಚಿಕ್ಕದು ಮಾಡಿ ಮೇಲಕ್ಕೆ ಸರಿಸಿ, ಕೆಳಗೆ ಹೆಸರುಗಳನ್ನು ಸೇರಿಸಿ. ಎರಡು ಪುಟಗಳ ನಡುವೆ ಮ್ಯಾಚ್ ಆ್ಯಂಡ್ ಮೂವ್ ಎಂಬ ಟ್ರಾನ್ಸಿಷನ್ (ಪುಟ ಬದಲಾಗುವಾಗಿನ ಚಲನೆ) ಹಾಕಿದರೆ ಗಣಪತಿ ತಾನಾಗಿ ಕುಗ್ಗುತ್ತ ಮೇಲೇರಿ ಕಾರ್ಡಿನಲ್ಲಿ ಇರಬೇಕಾದ ಜಾಗದಲ್ಲಿ ನಿಲ್ಲುತ್ತಾನೆ. ಕದಲಿದ್ದು ಒಂದೇ ವಸ್ತು, ನೋಡಿದವರಿಗೆ ಬಹಳ ಕೆಲಸ ಮಾಡಿದಂತೆ ಕಾಣುತ್ತದೆ. ಚಿತ್ರವನ್ನು ಮತ್ತೆ ಹೊಸದಾಗಿ ತಂದು ಹಾಕದೆ, ಪುಟವನ್ನೇ ನಕಲು ಮಾಡುವುದು ಮುಖ್ಯ. ಎರಡೂ ಕಡೆ ಇರುವುದು ಒಂದೇ ವಸ್ತು ಎಂದು ಟೂಲಿಗೆ ಗೊತ್ತಾಗಬೇಕು.

ಚಿತ್ರಕಲಾ ಶಿಕ್ಷಕಿ, ಬೇಲೂರು

ಈ ಗಣಪತಿಯ ಉಪಾಯ ನನಗೂ ಒಪ್ಪಿಗೆ.

ಹೋಂಸ್ಟೇ, ಹಳೇಬೀಡು ಸಮೀಪ

ಮದುವೆಯ ವಿಷಯ ಅಲ್ಲದಿದ್ದರೂ ಇಲ್ಲೇ ಕೇಳುತ್ತೇನೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅತಿಥಿಗಳಿಗೆ ಕಳುಹಿಸುವ ವಿಡಿಯೋದಲ್ಲಿ ಹೊಯ್ಸಳೇಶ್ವರ ದೇವಾಲಯದ ಗೋಡೆಯ ಆನೆಗಳ ಸಾಲನ್ನು ಉದ್ದಕ್ಕೆ ತೆಗೆದ ಫೋಟೋ ಬಳಸಬೇಕೆಂದಿದ್ದೇನೆ. ಯಾವ ಅನಿಮೇಷನ್ ಸೂಕ್ತ?

ಚಿತ್ರಕಲಾ ಶಿಕ್ಷಕಿ, ಬೇಲೂರು

ಆ ಸಾಲಿಗೆ ಪಕ್ಕಕ್ಕೆ ಸರಿಯುವ ಚಲನೆ ಬಿಟ್ಟು ಬೇರೇನೂ ಬೇಡ. ಝೂಮ್ ಮಾಡಿದರೆ ಒಂದೆರಡು ಆನೆ ಉಳಿದು ಸಾಲೇ ಕಾಣದೆ ಹೋಗುತ್ತದೆ. ದಿಕ್ಕಿನ ಬಗ್ಗೆ ಮಾತ್ರ ಎಚ್ಚರವಿರಲಿ. ಜಗತಿಯ (ದೇವಾಲಯ ನಿಂತಿರುವ ಕಟ್ಟೆಯ) ಮೇಲೆ ಪ್ರದಕ್ಷಿಣೆ ಹಾಕುವವರಿಗೆ ಗೋಡೆ ಬಲಗಡೆ ಇರುತ್ತದೆ. ಗೋಡೆಗೆ ಮುಖಮಾಡಿ ನೋಡುತ್ತ ನಡೆದರೆ ನಡಿಗೆ ಎಡಕ್ಕೆ ಸಾಗುತ್ತದೆ, ಶಿಲ್ಪಗಳು ಬಲಕ್ಕೆ ಸರಿಯುತ್ತ ಹೋಗುತ್ತವೆ. ಆದ್ದರಿಂದ ತೆರೆಯ ಮೇಲೆ ಫೋಟೋ ಎಡದಿಂದ ಬಲಕ್ಕೆ ಸರಿಯಬೇಕು. ಮೊದಲ ಪುಟದಲ್ಲಿ ಫೋಟೋದ ಬಲತುದಿ ಕಾಣುವಂತೆಯೂ ನಕಲು ಪುಟದಲ್ಲಿ ಎಡತುದಿ ಕಾಣುವಂತೆಯೂ ಇಟ್ಟು, ಮೇಲೆ ಹೇಳಿದ ಮ್ಯಾಚ್ ಆ್ಯಂಡ್ ಮೂವ್ ಅನ್ನೇ ಹಾಕಿ ನೋಡಬಹುದು. ಅದರ ಅವಧಿ ಗಿಡ್ಡವೆನಿಸಿದರೆ ನಡುವೆ ಇನ್ನೂ ಒಂದೆರಡು ಪುಟ ಸೇರಿಸಿ.

ಕಾಫಿ ಪುಡಿ ವ್ಯಾಪಾರಿ, ಚಿಕ್ಕಮಗಳೂರು

ಪಟ್ಟೆ ಬೀಳುವ ಚಿನ್ನದ ಬಣ್ಣದ ಬಗ್ಗೆ ಯಾರೂ ಹೇಳಲಿಲ್ಲ. ಜಿಐಎಫ್ 1987ರಷ್ಟು ಹಳೆಯ ರೂಪ. ಅದರ ಒಂದು ಚೌಕಟ್ಟಿನಲ್ಲಿ ಹೆಚ್ಚೆಂದರೆ 256 ಬಣ್ಣಗಳಿಗೆ ಜಾಗ. ಕಡು ಕಂದಿನಿಂದ ತಿಳಿಹಳದಿಗೆ ನಯವಾಗಿ ಸಾಗುವ ಚಿನ್ನದ ಅಂಚಿಗೆ ಅಷ್ಟು ಬಣ್ಣ ಸಾಲದೆ ಪಟ್ಟೆಗಳು ಬೀಳುತ್ತವೆ. ಅದಕ್ಕೆ ಧ್ವನಿಯೂ ಇಲ್ಲ, ಫೈಲಿನ ಗಾತ್ರವೂ ದೊಡ್ಡದು. ಎಂಪಿ4 ವಿಡಿಯೋ ಆಗಿ ಇಳಿಸಿಕೊಂಡರೆ ಈ ತೊಂದರೆಗಳು ತಪ್ಪುತ್ತವೆ. ಫೋನಿನ ತೆರೆಗೆ ಸರಿಹೊಂದಲು ಪುಟದ ಅಳತೆಯನ್ನು ಮೊದಲೇ 1080×1920 ಪಿಕ್ಸೆಲ್ ಎಂದು ಇಟ್ಟುಕೊಳ್ಳಿ. ಅಡ್ಡ ಕಾರ್ಡನ್ನು ಆಮೇಲೆ ಉದ್ದ ಮಾಡಲು ಹೋದರೆ ಎಲ್ಲವನ್ನೂ ಮತ್ತೆ ಜೋಡಿಸಬೇಕಾಗುತ್ತದೆ. ವಾಟ್ಸ್‌ಆ್ಯಪ್ ವಿಡಿಯೋವನ್ನು ಕುಗ್ಗಿಸಿಯೇ ಕಳುಹಿಸುತ್ತದೆ. ಕಳುಹಿಸುವಾಗ ಎಚ್‌ಡಿ ಆರಿಸಬೇಕು, ಅಥವಾ ಡಾಕ್ಯುಮೆಂಟ್ ಆಗಿ ಕಳುಹಿಸಬೇಕು.

ನಮ್ಮ ಅಂಗಡಿಯ ಸ್ಟೇಟಸ್ಸಿಗೂ ಒಂದು ಸಣ್ಣ ಅನಿಮೇಷನ್ ಮಾಡಿಸಿದ್ದೇನೆ. ಲೋಟದ ಮೇಲೆ ಹಬೆ ಮಾತ್ರ ಕದಲುತ್ತದೆ. ಕಿಲೋ ದರವೂ ಕಾಫಿ-ಚಿಕೋರಿ ಪ್ರಮಾಣವೂ ಮೊದಲಿನಿಂದ ಕೊನೆಯವರೆಗೆ ನಿಂತಲ್ಲೇ ನಿಂತಿರುತ್ತವೆ. ಚಿಕೋರಿ ಎಷ್ಟು ಬೆರೆಸಿದೆ ಎಂಬುದು ಪೊಟ್ಟಣದ ಮೇಲೆ ಕಡ್ಡಾಯವಾಗಿ ಇರಬೇಕಾದ ಮಾಹಿತಿ. ಜಾಹೀರಾತಿನಲ್ಲಿ ಅದನ್ನು ಹಾರಿಸಿ ಮಾಯ ಮಾಡಿದರೆ ಕೊಳ್ಳುವವರಿಗೆ ಅನುಮಾನ ಬರುತ್ತದೆ.

ಫ್ಲೆಕ್ಸ್ ಮತ್ತು ಪ್ರಿಂಟಿಂಗ್, ಚಿಕ್ಕಮಗಳೂರು

ಧ್ವನಿಯ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ಸಿನಿಮಾ ಹಾಡು ಹಾಕಿಕೊಡಿ ಎಂದು ಎಲ್ಲರೂ ಕೇಳುತ್ತಾರೆ. ಮದುವೆ ಮೆರವಣಿಗೆ, ಸಮಾರಂಭಗಳಲ್ಲಿ ಹಾಡು ನುಡಿಸುವುದಕ್ಕೆ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ವಿನಾಯಿತಿ ಇರುವುದು ನಿಜ, ಆದರೆ ಅದು ಸಮಾರಂಭದಲ್ಲಿ ನುಡಿಸುವುದಕ್ಕೆ. ನೀವು ಹಣ ಪಡೆದು ಮಾಡಿಕೊಡುವ ವಿಡಿಯೋಗೆ ಹಾಡು ಸೇರಿಸುವುದು ಬೇರೆಯೇ ವಿಷಯ. ಟೂಲಿನ ಸಂಗ್ರಹದಲ್ಲೇ ಸಿಗುವ ವಾದ್ಯ ಸಂಗೀತ ಸಾಕು.

ಡಿಟಿಪಿ ಅಂಗಡಿ, ಹಾಸನ

ಎಲ್ಲರ ಸಲಹೆಯನ್ನೂ ಸೇರಿಸಿ ಈಗ ಮಾಡಬೇಕೆಂದಿರುವುದು ಹೀಗೆ: ಪ್ರೂಫ್ ಓಕೆ ಆದ ಮೇಲೆ ಹೆಸರು, ಶೀರ್ಷಿಕೆಗಳನ್ನು ಕೋರೆಲ್‌ನಿಂದ ಪಿಎನ್‌ಜಿಯಾಗಿ ತರುವುದು, ಗಣಪತಿಗೆ ಮ್ಯಾಚ್ ಆ್ಯಂಡ್ ಮೂವ್, ಹೆಸರಿಗೆ ವೈಪ್, ಉಳಿದದ್ದಕ್ಕೆ ಫೇಡ್, ಮುಹೂರ್ತದ ಪುಟದ ಅವಧಿ ಹೆಚ್ಚಿಸುವುದು, ಎಂಪಿ4ನಲ್ಲೇ ಕೊಡುವುದು. ಒಂದು ಅನುಮಾನ ಉಳಿದಿದೆ. ಛತ್ರದ ದಾರಿ ತೋರಿಸುವ ಗೂಗಲ್ ಮ್ಯಾಪ್ ಲಿಂಕನ್ನು ಕೊನೆಯ ಪುಟದಲ್ಲಿ ಹಾಕಿ ಎಂದು ಗಿರಾಕಿಗಳು ಕೇಳುತ್ತಾರೆ. ಅದು ಒತ್ತಿದರೆ ತೆರೆಯುವಂತೆ ಮಾಡಬಹುದೇ?

ತಂತ್ರಾಂಶ ಉದ್ಯೋಗಿ, ಬೆಂಗಳೂರು (ಊರು ಅರಸೀಕೆರೆ)

ಎಂಪಿ4ನಲ್ಲಿ ಆಗುವುದಿಲ್ಲ; ವಿಡಿಯೋದ ಒಳಗೆ ಲಿಂಕ್ ಬರೀ ಚಿತ್ರವಾಗಿರುತ್ತದೆ, ಒತ್ತಿದರೆ ವಿಡಿಯೋ ನಿಲ್ಲುತ್ತದೆಯೇ ಹೊರತು ಮ್ಯಾಪ್ ತೆರೆಯುವುದಿಲ್ಲ. ಕ್ಯೂಆರ್ ಕೋಡ್ ಹಾಕಿದರೂ ನೋಡುತ್ತಿರುವ ಫೋನಿನಿಂದಲೇ ಅದನ್ನು ಸ್ಕ್ಯಾನ್ ಮಾಡುವುದು ಕಷ್ಟ. ಅದೇ ವಿನ್ಯಾಸವನ್ನು ಪಿಡಿಎಫ್ ಆಗಿಯೂ ಇಳಿಸಿಕೊಳ್ಳಿ; ಅದರಲ್ಲಿ ಅನಿಮೇಷನ್ ಇರುವುದಿಲ್ಲ, ಲಿಂಕ್ ಕೆಲಸ ಮಾಡುತ್ತದೆ, ಓದುವುದಕ್ಕೆ ಅವಸರವೂ ಇರುವುದಿಲ್ಲ. ವಿಡಿಯೋ, ಪಿಡಿಎಫ್ ಎರಡನ್ನೂ ಗಿರಾಕಿಗೆ ಒಟ್ಟಿಗೆ ಕೊಟ್ಟು, ಛತ್ರದ ಲೊಕೇಶನ್ ಅನ್ನು ಬೇರೆ ಸಂದೇಶವಾಗಿ ಕಳುಹಿಸಲು ಹೇಳಿ.